ಮರದ ಬುಡದಲ್ಲಿ ಹೊಟ್ಟು ಉದುರುತ್ತಿದೆ, ಏನು ಮಾಡುವುದು?

ಪ್ರಶ್ನೆ: ಕಾಂಪೌಂಡಿನೊಳಗೆ ಹದಿನೈದು ವರ್ಷದ ಮಾವಿನ ಮರವಿದೆ. ಒಂದು ತಿಂಗಳಿಂದ ಕಾಂಡದಿಂದ ಮರದ ಹೊಟ್ಟು ಉದುರಿ ಬುಡದಲ್ಲಿ ಗುಡ್ಡೆ ಬೀಳುತ್ತಿದೆ. ಒಂದು ಕೊಂಬೆಯ ಎಲೆ ಹಳದಿಯಾಗಿದೆ. ಅಂಗಡಿಯಲ್ಲಿ ಕೊಟ್ಟ ಔಷಧಿಯನ್ನು ಎರಡು ಸಲ ಎಲೆಗೆ ಹೊಡೆಸಿದರೂ ನಿಂತಿಲ್ಲ. ಮರ ಉಳಿಯುತ್ತದೆಯೇ?

ಉತ್ತರ: ಬಹುಮಟ್ಟಿಗೆ ಉಳಿಯುತ್ತದೆ. ಆದರೆ ಎಲೆಗೆ ಹೊಡೆಸಿದ ಔಷಧಿ ದಂಡ. ಹುಳು ಇರುವುದು ಕಟ್ಟಿಗೆಯ ಒಳಗೆ, ಅಲ್ಲಿಗೆ ಒಂದು ಹನಿಯೂ ಹೋಗಿರುವುದಿಲ್ಲ. ಇನ್ನೊಂದು ಬಾಟಲಿ ತರುವ ಮೊದಲು ಆ ಹೊಟ್ಟನ್ನು ಅಂಗೈಗೆ ಹಾಕಿಕೊಂಡು ನೋಡಿ. ಯಾವ ಹುಳು ಎಂಬುದನ್ನು ಹೊಟ್ಟೇ ಹೇಳುತ್ತದೆ.

ಹೊಟ್ಟು ಒರಟಾಗಿ, ನಾರುನಾರಾಗಿ, ಬಡಗಿ ಉಳಿಯಲ್ಲಿ ಕೆತ್ತಿದಂತಿದ್ದು, ಕಾಂಡದ ತೂತಿನಿಂದ ಹೊರಬರುತ್ತಿದ್ದರೆ ಅದು ಕಾಂಡ ಕೊರಕ. ತೂತಿನ ಕೆಳಗೆ ಕಂದು ರಸ ಸೋರಿದ ಗೆರೆಯೂ ಇರಬಹುದು. ಇದರ ತಾಯಿ ಸುಮಾರು ಎರಡು ಇಂಚಿನ ಬೂದು-ಕಂದು ದುಂಬಿ, ಮೀಸೆ ಮೈಗಿಂತ ಉದ್ದ. ಮುಂಗಾರಿನ ಹೊತ್ತಿಗೆ ಹೊರಬಂದು ತೊಗಟೆಯನ್ನು ಕಚ್ಚಿ ಸೀಳಿ ಒಂದೊಂದೇ ಮೊಟ್ಟೆ ಇಡುತ್ತದೆ. ಹೆಬ್ಬೆರಳು ದಪ್ಪದ ಬಿಳಿ ಹುಳುವಾಗಿ ಬೆಳೆಯುವ ಮರಿ ತಿಂಗಳುಗಟ್ಟಲೆ ಒಳಗೇ ಇದ್ದು ನೀರು-ಆಹಾರ ಹರಿಯುವ ದಾರಿಯನ್ನೇ ಕತ್ತರಿಸುತ್ತದೆ. ನಿಮ್ಮ ಮರದ ಒಂದೇ ಕೊಂಬೆ ಹಳದಿಯಾಗಿರುವುದು ಅದಕ್ಕೇ. ಮಾವಿಗೆ ಮಾತ್ರವಲ್ಲ, ಹಲಸು, ಅತ್ತಿ, ಬೂರುಗಕ್ಕೂ ಇದು ಬೀಳುತ್ತದೆ.

ಹೊಟ್ಟಿಗೆ ಕರಿ ಹಿಕ್ಕೆಯೂ ರೇಷ್ಮೆಯಂಥ ಎಳೆಯೂ ಸೇರಿ, ಕೊಂಬೆ ಕವಲೊಡೆಯುವಲ್ಲಿ ರಿಬ್ಬನ್‌ನಂತೆ ತೊಗಟೆಗೆ ಅಂಟಿಕೊಂಡಿದ್ದರೆ ಅದು ತೊಗಟೆ ತಿನ್ನುವ ಹುಳು. ಗುಲ್‌ಮೊಹರ್, ಸೀಬೆ, ನೇರಳೆ ಮರಗಳಲ್ಲಿ ಇದೇ ಹೆಚ್ಚು. ಹಗಲು ಗಿಡ್ಡ ತೂತಿನಲ್ಲಿ ಅಡಗಿ, ರಾತ್ರಿ ಆ ರಿಬ್ಬನ್ನಿನ ಮರೆಯಲ್ಲಿ ತೊಗಟೆ ಮೇಯುತ್ತದೆ. ಇನ್ನು ಹೊಟ್ಟಿನ ಬದಲು ಮಣ್ಣಿನ ಪದರ ಕಂಡರೆ ಗೆದ್ದಲು. ಕೆರೆದು ತೆಗೆಯಿರಿ, ಅಷ್ಟು ಸಾಕು. ಅದು ತಿನ್ನುತ್ತಿರುವುದು ಬಹುತೇಕ ಸತ್ತ ತೊಗಟೆಯನ್ನು.

ನಿಮ್ಮದು ಕಾಂಡ ಕೊರಕದಂತೆ ಕಾಣುತ್ತದೆ. ಸಂಜೆ ಕಾಂಡದ ಮೇಲಿನ ಹೊಟ್ಟನ್ನೆಲ್ಲ ಬ್ರಷ್‌ನಿಂದ ಉಜ್ಜಿ ತೆಗೆದು ಬುಡವನ್ನೂ ಗುಡಿಸಿಬಿಡಿ. ಬೆಳಗ್ಗೆ ಯಾವ ತೂತಿನ ಬಾಯಲ್ಲಿ ಹಸಿ ಹೊಟ್ಟು ಬಂದಿದೆಯೋ ಹುಳು ಇರುವುದು ಆ ಸುರಂಗದಲ್ಲಿ. ಉಳಿದ ತೂತುಗಳನ್ನು ಮೊದಲೇ ಹಸಿ ಜೇಡಿಮಣ್ಣಿನಿಂದ ಮುಚ್ಚಿ. ಒಂದೇ ಹುಳು ಹೊಟ್ಟು ತಳ್ಳಲು ಮೂರು-ನಾಲ್ಕು ಕಿಂಡಿ ಕೊರೆದಿರುತ್ತದೆ, ತೆರೆದಿಟ್ಟರೆ ಮುಂದೆ ಹಾಕುವ ಪೆಟ್ರೋಲಿನ ಆವಿ ಅಲ್ಲಿಂದಲೇ ಹೊರಟುಹೋಗುತ್ತದೆ.

ಹಸಿ ಹೊಟ್ಟಿನ ತೂತಿನ ಬಾಯನ್ನು ಚಾಕುವಿನಿಂದ ಸ್ವಲ್ಪ ಅಗಲಿಸಿ ತಂತಿ ತೂರಿಸಿ. ನೆಟ್ಟಗಿನ ಗಟ್ಟಿ ಕಂಬಿ ಮೊದಲ ತಿರುವಿನಲ್ಲೇ ನಿಲ್ಲುತ್ತದೆ. ಹಳೆಯ ಬೈಕಿನ ಬ್ರೇಕ್ ಕೇಬಲ್ಲಿನ ಒಳತಂತಿಯಾದರೆ ಸುರಂಗ ಬಾಗಿದ ಹಾಗೆ ಬಾಗುತ್ತದೆ. ತುದಿಯ ಎಳೆಗಳನ್ನು ಬಿಡಿಸಿ ಕೊಕ್ಕೆಯಂತೆ ಮಡಚಿ, ತಿರುಗಿಸುತ್ತಾ ಒಳಗೆ ನೂಕಿ. ತುದಿಗೆ ಹಾಲಿನಂಥ ಅಂಟು ಮೆತ್ತಿಕೊಂಡು ಬಂದರೆ ಹುಳು ಸಿಕ್ಕಿದೆ. ಸಿಗದಿದ್ದರೆ 5ರಿಂದ 10 ಮಿ.ಲೀ. ಪೆಟ್ರೋಲು ಹೀರಿದ ಹತ್ತಿಯನ್ನು ಒಳಕ್ಕೆ ತುರುಕಿ, ಬಾಯಿಗೆ ಜೇಡಿಮಣ್ಣು ಮೆತ್ತಿ. ಬೀಡಿ-ಸಿಗರೇಟು ಹತ್ತಿರ ಸುಳಿಯಬಾರದು ಎಂದು ಬೇರೆ ಹೇಳಬೇಕಿಲ್ಲ. ವಾರ ಬಿಟ್ಟು ನೋಡಿ, ಮತ್ತೆ ಹೊಟ್ಟು ಬಂದಿದ್ದರೆ ಇನ್ನೊಮ್ಮೆ.

ತೊಗಟೆ ಹುಳುವಿಗೂ ಇದೇ ಉಪಾಯ, ಇನ್ನೂ ಸುಲಭ: ರಿಬ್ಬನ್ ಕೆರೆದುಹಾಕಿ ಗಿಡ್ಡ ತೂತಿಗೆ ತಂತಿ ಚುಚ್ಚಿದರೆ ಮುಗಿಯಿತು.

ಹಳೆಯ ಕೈಪಿಡಿಗಳಲ್ಲಿ ಈ ತೂತಿಗೆ ಡೈಕ್ಲೋರ್ವಾಸ್ ಎಂಬ ಕೀಟನಾಶಕ ಹಾಕಿ ಎಂದಿರುತ್ತದೆ. 2020ರ ಕೊನೆಗೆ ಅದರ ಬಳಕೆ ನಮ್ಮ ದೇಶದಲ್ಲಿ ನಿಷೇಧವಾಗಿದೆ, ಯಾರಾದರೂ ಹಳೆಯ ಬಾಟಲಿ ಕೊಟ್ಟರೆ ಮುಟ್ಟಬೇಡಿ. ಕಾಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ತುರುಕುವವರೂ ಇದ್ದಾರೆ. ಅದರಿಂದ ಬರುವ ಫಾಸ್ಫೀನ್ ಅನಿಲ ಮನುಷ್ಯರನ್ನೂ ಕೊಲ್ಲುತ್ತದೆ. ಕಿಟಕಿ ಪಕ್ಕದ ಮರಕ್ಕೆ ಅದು ಖಂಡಿತ ಬೇಡ.

ಸಿಮೆಂಟು ತುಂಬಿಸುವುದು ನಗರದಲ್ಲಿ ನಡೆಯುವ ಇನ್ನೊಂದು ತಪ್ಪು. ಹುಳು ಬದುಕಿದ್ದರೆ ಪಕ್ಕದಲ್ಲಿ ಹೊಸ ಕಿಂಡಿ ಕೊರೆಯುತ್ತದೆ. ಮರ ಬೆಳೆದಂತೆ, ಗಾಳಿಗೆ ತೂಗಿದಂತೆ ಸಿಮೆಂಟು ಬಿರುಕು ಬಿಟ್ಟು, ಸಂದಿನಲ್ಲಿ ನೀರು ನಿಂತು ಒಳಗೆ ಕೊಳೆಯುತ್ತದೆ.

ಹುಳು ಸತ್ತ ಮೇಲೆ ಗಾಯಕ್ಕೆ ಬೋರ್ಡೋ ಪೇಸ್ಟ್ ಬಳಿಯಿರಿ. ಅಡಿಕೆ ತೋಟದವರಿಗೆ ಬೋರ್ಡೋ ಹೊಸದಲ್ಲ, ಇದು ಅದರದ್ದೇ ಗಟ್ಟಿ ರೂಪ. 100 ಗ್ರಾಂ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಪುಡಿ ಮಾಡಿ ಅರ್ಧ ಲೀಟರ್ ನೀರಿನಲ್ಲಿ ರಾತ್ರಿಯೇ ನೆನೆಹಾಕಿ, ಪ್ಲಾಸ್ಟಿಕ್ ಬಕೆಟ್‌ನಲ್ಲೇ. ಕಬ್ಬಿಣದ ಪಾತ್ರೆಯನ್ನು ಮೈಲುತುತ್ತ ತಿಂದುಹಾಕುತ್ತದೆ. 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಅರಳಿಸಿ, ಆರಿದ ಮೇಲೆ ಸೋಸಿ. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಿರಿ. ಹೊಳೆಯುವ ಚಾಕುವಿನ ತುದಿಯನ್ನು ಒಂದು ನಿಮಿಷ ಅದ್ದಿ: ಕೆಂಪು ತಾಮ್ರ ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಇಲ್ಲದಿದ್ದರೆ ತೊಗಟೆ ಸುಡುತ್ತದೆ. ಕಲಸಿದ ದಿನವೇ ಬಳಸಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮಾವಿನ ಕಾಂಡ ಕೊರಕಕ್ಕೆಂದೇ ಒಂದು ಲೇಪನ ಸಿದ್ಧಪಡಿಸಿದೆ, ಸಿಕ್ಕರೆ ಅದು ಇನ್ನೂ ಅನುಕೂಲ.

ಹಳದಿಯಾದ ಕೊಂಬೆಯ ತೊಗಟೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರಿದ್ದರೆ ಬಿಡಿ, ಕಂದಾಗಿ ಒಣಗಿದ್ದರೆ ಹಸಿರು ಸಿಗುವವರೆಗೆ ಕತ್ತರಿಸಿ ಸುಟ್ಟುಬಿಡಿ. ಸೌದೆಗೆಂದು ಗೋಡೆಗೆ ಒರಗಿಸಿಟ್ಟರೆ ಒಳಗಿನ ಹುಳು ಅಲ್ಲೇ ದುಂಬಿಯಾಗಿ ಹೊರಬರಬಹುದು.

ಕಾಂಡದ ಅರ್ಧಕ್ಕಿಂತ ಹೆಚ್ಚು ಸುತ್ತಳತೆ ಪೊಳ್ಳಾಗಿದ್ದರೆ, ಇಲ್ಲವೇ ಬುಡದಲ್ಲಿ ತಟ್ಟೆಯಂಥ ಗಟ್ಟಿ ಅಣಬೆ ಎದ್ದಿದ್ದರೆ ಮಾತು ಬೇರೆ. ಆ ಅಣಬೆಗೆ ಮದ್ದಿಲ್ಲ. ಬೇರು ಕೊಳೆತಿದ್ದರೆ ಹಸಿರಾಗಿರುವಾಗಲೇ ಮರ ಉರುಳಬಹುದು. ಪಾಲಿಕೆಯ ಅರಣ್ಯ ವಿಭಾಗದವರನ್ನು ಕರೆಸಿ ತೋರಿಸಿ. ಕಡಿಸಬೇಕಾದರೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಕೇಳಬೇಕಾಗುತ್ತದೆ.

ಮುಂದಿನ ಜೂನ್‌ನಲ್ಲಿ ಪೋರ್ಟಿಕೋ ದೀಪದ ಕೆಳಗೆ ಉದ್ದ ಮೀಸೆಯ ಆ ದುಂಬಿ ಬಂದು ಬಿದ್ದಿದ್ದರೆ ಹೊಸಕಿಹಾಕಿ, ಮರುದಿನ ಬೆಳಗ್ಗೆ ಕಾಂಡವನ್ನು ಬುಡದಿಂದ ಕವಲಿನವರೆಗೆ ಒಮ್ಮೆ ತಡವಿ ನೋಡಿ.