ಹುಳು ಹೋಗಬೇಕು, ಚಿಟ್ಟೆ-ಜೇನು ಉಳಿಯಬೇಕು: ಏನು ಹೊಡೆಯೋಣ?

ಪ್ರಶ್ನೆ: ನಮ್ಮ ಮನೆ ಮೂಡಿಗೆರೆ ಹತ್ತಿರ. ಹಿತ್ತಲಲ್ಲಿ ಕರಿಬೇವು, ಅಲಸಂದೆ, ಬದನೆ, ದಾಸವಾಳ ಇವೆ. ಎಲ್ಲಕ್ಕೂ ಹುಳದ ಕಾಟ. ಔಷಧಿ ಹೊಡೆಯೋಣ ಅಂದರೆ ಚಿಟ್ಟೆ, ಜೇನು ಜಾಸ್ತಿ ಬರುತ್ತವೆ. ಅವಕ್ಕೆ ತೊಂದರೆ ಆಗದ ಔಷಧಿ ಯಾವುದು?

ಉತ್ತರ: ಹುಳವನ್ನು ಮಾತ್ರ ಕೊಂದು ಚಿಟ್ಟೆಯನ್ನು ಬಿಡುವ ಔಷಧಿ ಇಲ್ಲ. ಚಿಟ್ಟೆಯೂ ಮೊದಲು ಹುಳವೇ ಅಲ್ವಾ? ಹಾಗಾಗಿ ಏನು ಹೊಡೆಯಲಿ ಅನ್ನುವುದಕ್ಕಿಂತ ಮೊದಲು, ಯಾವ ಗಿಡದಲ್ಲಿ ಯಾರು ಕೂತಿದ್ದಾರೆ ಅಂತ ನೋಡಿ.

ಕರಿಬೇವಿನಿಂದಲೇ ಶುರು ಮಾಡೋಣ. ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಂತೆ ಕಾಣುವ ಮರಿಹುಳು, ಇಲ್ಲವೇ ದಪ್ಪನೆಯ ಹಸಿರು ಹುಳು ಇದ್ದರೆ ಕಡ್ಡಿಯಿಂದ ಮೆಲ್ಲಗೆ ಮುಟ್ಟಿ. ತಲೆಯ ಹಿಂದಿನಿಂದ ಕೆಂಪೋ ಕಿತ್ತಳೆಯೋ ಬಣ್ಣದ ಕವಲು ಕೊಂಬು ಚಾಚಿ ಗಾಟು ವಾಸನೆ ಬಿಟ್ಟರೆ, ಅದು ಚಿಟ್ಟೆಯ ಮರಿ. ನಿಂಬೆ, ಕಂಚಿ ಗಿಡಕ್ಕೂ ಇವೇ ಬರುತ್ತವೆ. ಆಳೆತ್ತರದ ಗಿಡಕ್ಕೆ ನಾಲ್ಕಾರು ಹುಳು ಲೆಕ್ಕವೇ ಅಲ್ಲ, ಮತ್ತೆ ಚಿಗುರುತ್ತದೆ. ಸಣ್ಣ ಗಿಡವಾದರೆ ಹುಳವನ್ನು ಎಲೆ ಸಮೇತ ಕಿತ್ತು ದೊಡ್ಡ ಗಿಡಕ್ಕೆ ಬಿಡಿ. ಈ ಗಿಡಗಳಿಗೆ ಬೇವಿನ ಎಣ್ಣೆಯೂ ಬೇಡ. ಅದು ಬಿದ್ದ ಎಲೆ ತಿಂದ ಹುಳು ಪೊರೆ ಬಿಡಲಾಗದೆ ಸಾಯುತ್ತದೆ. ಜೈವಿಕ ಅಂತ ಮಾರುವ ಬಿಟಿ ಪುಡಿ (ಹುಳು ಕೊಲ್ಲುವ ಬ್ಯಾಕ್ಟೀರಿಯಾದಿಂದ ಮಾಡಿದ್ದು) ಜೇನಿಗೆ ಏನೂ ಮಾಡದಿರಬಹುದು, ಚಿಟ್ಟೆ ಮರಿಯನ್ನು ಮಾತ್ರ ಬಿಡುವುದಿಲ್ಲ.

ಅಲಸಂದೆಯ ಕುಡಿಗೆ ಮೆತ್ತಿಕೊಳ್ಳುವ ಕಪ್ಪು ಹೇನಿಗೆ ಪೈಪಿನ ನೀರೇ ಸಾಕು. ಜೋರಾಗಿ ಬಿಟ್ಟರೆ ಉದುರುತ್ತವೆ, ಬಿದ್ದವುಗಳಲ್ಲಿ ಬಹುಪಾಲು ವಾಪಸ್ ಹತ್ತುವುದಿಲ್ಲ. ಇರುವೆ ಸಾಲು ಕಂಡರೆ ಅದನ್ನೂ ತಡೆಯಿರಿ. ಹೇನು ಬಿಡುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ, ತಿನ್ನಲು ಬಂದ ಗುಲಗಂಜಿ ಹುಳವನ್ನು ಓಡಿಸುತ್ತವೆ.

ದಾಸವಾಳದ ಬಿಳಿ ಹಿಟ್ಟು ತಿಗಣೆಯ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. ಗುಂಪಿನ ನಡುವೆ ತಿಗಣೆಗಿಂತ ದೊಡ್ಡದಾಗಿ, ಮೈತುಂಬ ಬಿಳಿ ಮೇಣದ ಎಳೆ ಹೊತ್ತು ಸರಸರ ಓಡಾಡುವುದೊಂದು ಇದ್ದರೆ ಹಿಸುಕಬೇಡಿ. ಅದು ತಿಗಣೆಯಲ್ಲ, ತಿಗಣೆ ತಿನ್ನುವ ಕ್ರಿಪ್ಟೋಲೀಮಸ್ ಜೀರುಂಡೆಯ ಮರಿ. ಕಾಫಿಯ ಹಸಿರು ತಿಗಣೆಗೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ತಂದದ್ದು. ಆ ಕೆಲಸ ಅಷ್ಟಾಗಿ ಮಾಡಲಿಲ್ಲ, ಹಿಟ್ಟು ತಿಗಣೆಯನ್ನು ಮಾತ್ರ ಚೆನ್ನಾಗಿ ತಿಂದಿತು. ಇವತ್ತಿಗೂ ಕಾಫಿ ತೋಟಗಳಲ್ಲಿ ಇದನ್ನು ಬಿಡುವುದುಂಟು. ಜೀರುಂಡೆ ಇಲ್ಲದ ಕೊಂಬೆಗೆ ಸೋಪಿನ ನೀರು ಹೊಡೆಯಬಹುದು. ಮೈಮೇಲೆ ಬಿದ್ದರಷ್ಟೇ ಅದು ಕೊಲ್ಲುತ್ತದೆ, ಒಣಗಿದ ಮೇಲೆ ಏನೂ ಇಲ್ಲ.

ಬದನೆಯಲ್ಲಿ ಕುಡಿ ಬಾಡಿ ಜೋತು ಬಿದ್ದರೆ ಒಳಗೆ ಕೊರಕ ಇದೆ ಅಂತ ಅರ್ಥ. ಹೊರಗೆ ಎಷ್ಟು ಹೊಡೆದರೂ ಸುಮ್ನೆ ದಂಡ. ಕುಡಿ, ತೂತಾದ ಕಾಯಿ ಎರಡನ್ನೂ ಕಿತ್ತು ಸುಟ್ಟುಬಿಡಿ. ಬದನೆ ಹೂವು ಪರಾಗ ಸುಲಭಕ್ಕೆ ಬಿಡುವುದಿಲ್ಲ, ದುಂಬಿ ಹೂವನ್ನು ಹಿಡಿದು ಗುಂಯ್ ಅಂತ ನಡುಗಿಸಬೇಕು. ದುಂಬಿ ಹೋದರೆ ಕಾಯಿಯೂ ಕಮ್ಮಿ.

ಇಷ್ಟಾದರೂ ಬಗ್ಗದಿದ್ದರೆ, ಕರಿಬೇವು, ನಿಂಬೆ, ಕಂಚಿ ಬಿಟ್ಟು ಉಳಿದವಕ್ಕೆ ಬೇವಿನ ಎಣ್ಣೆ. ಲೀಟರ್ ನೀರಿಗೆ 5 ಮಿ.ಲೀ., ಬೆರೆಯಲು ಸ್ವಲ್ಪ ಸೋಪು. ಸಂಜೆ ಜೇನು ಗೂಡಿಗೆ ಹೋದ ಮೇಲೆ, ಹುಳು ಇರುವ ಎಲೆಗೆ ಮಾತ್ರ. ಹೂವಿಗೆ ತಾಗಬಾರದು. ಮಳೆಗಾಲದಲ್ಲಿ ಹೊಡೆದದ್ದು ಮಳೆಗೇ ಹೋಗುತ್ತದೆ, ಆಗ ಕೈಯಿಂದ ಆರಿಸುವುದೇ ವಾಸಿ.

ಹೊಗೆಸೊಪ್ಪಿನ ಕಷಾಯ ಹೊಡೆಯಿರಿ ಅಂತ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಪಕ್ಕದ ಹಾಸನ ಜಿಲ್ಲೆಯ ಅರಕಲಗೂಡು ಕಡೆ ತಂಬಾಕು ಬೆಳೆಯುವುದರಿಂದ ಸೊಪ್ಪಿಗೂ ಬರವಿಲ್ಲ. ನನಗಂತೂ ಅದು ಒಪ್ಪಿಗೆಯಿಲ್ಲ. ಮನೆಯಲ್ಲಿ ಕುದಿಸಿದ ಮಾತ್ರಕ್ಕೆ ನಿಕೋಟಿನ್ ವಿಷ ಅಲ್ಲದೆ ಹೋಗುವುದಿಲ್ಲ, ಜೇನಿಗೂ ಅದು ವಿಷವೇ. ಅಂಗಡಿಯ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಇದರ ನೆಂಟರು. ಬುಡಕ್ಕೆ ಹಾಕಿದರೂ ಗಿಡದೊಳಗೆ ಏರಿ ಮಕರಂದ, ಪರಾಗಕ್ಕೆ ಸೇರುತ್ತವೆ. ಜೇನಿನ ಕಾರಣಕ್ಕೇ ಯುರೋಪಿನ ಒಕ್ಕೂಟ 2018ರಲ್ಲಿ ಬಯಲು ಬೆಳೆಗಳಿಗೆ ಇವನ್ನು ನಿಲ್ಲಿಸಿತು. ‘ಎಲ್ಲಾ ಹುಳಕ್ಕೂ ಆಗುತ್ತೆ’ ಅಂತ ಯಾರಾದರೂ ಬಾಟಲಿ ಕೊಟ್ಟರೆ ಹಿಂದಿನ ಚೀಟಿ ಓದಿ. ಈ ಎರಡು ಹೆಸರಲ್ಲಿ ಒಂದು ಕಂಡರೂ ವಾಪಸ್ ಕೊಟ್ಟು ಬನ್ನಿ.