ನಾಲ್ಕು ಲೋಟ, ನಾಲ್ಕು ಹೊಗೆ

ಹೊಗೆವಾಸನೆಯ ಸಿಂಗಲ್ ಮಾಲ್ಟ್ ಸ್ಕಾಚ್ ಅನ್ನು ಮುಂದಿಟ್ಟ ಕೂಡಲೇ ಆಸ್ವಾದನೆ ಕಲಿಯಲು ಬಂದವರು ಕೇಳುವ ಮೊದಲ ಪ್ರಶ್ನೆ, ‘ಇದರ ಪಿಪಿಎಂ ಎಷ್ಟು ಸರ್?’ ಪಿಪಿಎಂ ಎಂದರೆ ಹೊಗೆಯ ಅಳತೆ ಎಂದು ಹೇಳುವ ಅಂಕಿ. ಸ್ಕಾಟ್ಲೆಂಡಿನ ವಿಸ್ಕಿಗಳಲ್ಲಿ ಬೋಮೋರ್ 25ರ ಆಸುಪಾಸು, ಲಾಗವೂಲಿನ್ 35, ಲಫ್ರಾಯ್ಗ್ 40ರ ಮೇಲೆ, ಆರ್ಡ್‌ಬೆಗ್ 50ರ ಮೇಲೆ ಎಂದು ಕೆಲವರು ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ. ಅಂಕಿ ದೊಡ್ಡದಾದರೆ ಹೊಗೆಯೂ ದೊಡ್ಡದು ಎಂಬುದು ಅವರ ನಂಬಿಕೆ.

ಒಂದು ಕಾಲದಲ್ಲಿ ನಾನೂ ಅದನ್ನೇ ಕಲಿಸುತ್ತಿದ್ದೆ. ಹತ್ತು ಹನ್ನೆರಡು ವರ್ಷಗಳ ಹಿಂದೆ ಒಂದು ಸಂಜೆ ಐದು ಲೋಟಗಳನ್ನು ಅಂಕಿಯ ಏರುಕ್ರಮದಲ್ಲಿ ಜೋಡಿಸಿ, ಕೊನೆಗೆ ನೂರು ದಾಟಿದ ಆಕ್ಟೋಮೋರ್ ಇಟ್ಟಿದ್ದೆ. ಅದರ ಮದ್ಯಸಾರ ಶೇ 60ರ ಹತ್ತಿರ ಇದ್ದುದರಿಂದ ನೀರು ಬೆರೆಸಿ ಉಳಿದವುಗಳ ಮಟ್ಟಕ್ಕೆ ಇಳಿಸಿದ್ದೆ. ಹೆಸರು ಹೇಳಿರಲಿಲ್ಲ. ‘ಹೊಗೆ ಮೆಟ್ಟಿಲು ಹತ್ತುವುದನ್ನು ಗಮನಿಸಿ’ ಎಂದಷ್ಟೇ ಹೇಳಿದ್ದೆ. ಹನ್ನೆರಡು ಜನರಲ್ಲಿ ಎಂಟು ಮಂದಿ ಅತಿ ಹೆಚ್ಚು ಹೊಗೆಯದ್ದೆಂದು ಗುರುತಿಸಿದ್ದು ಮೂರನೆಯ ಲೋಟವನ್ನು. ಅದು ಲಫ್ರಾಯ್ಗ್. ಅವರ ಮೂಗು ಸರಿಯಾಗಿಯೇ ಇತ್ತು, ನನ್ನ ಪಾಠ ತಪ್ಪಾಗಿತ್ತು. ಅಂದಿನಿಂದ ಅಂಕಿಯನ್ನು ತರಗತಿಯ ಕೊನೆಗೆ ಹೇಳುತ್ತೇನೆ, ಎಷ್ಟೋ ಸಲ ಹೇಳುವುದೇ ಇಲ್ಲ.

ಆ ಅಂಕಿ ಬಾರ್ಲಿಯದ್ದು, ಲೋಟದಲ್ಲಿರುವ ವಿಸ್ಕಿಯದ್ದಲ್ಲ. ಮೊಳಕೆ ಬರಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟ್ ಅನ್ನು, ಪೀಟ್ ಹೊಗೆಯಲ್ಲಿ ಒಣಗಿಸಿದ ಮೇಲೆ ಅದಕ್ಕೆ ಅಂಟಿಕೊಂಡ ಫೀನಾಲ್ ವರ್ಗದ ವಸ್ತುಗಳು ಹತ್ತು ಲಕ್ಷ ಭಾಗಕ್ಕೆ ಎಷ್ಟು ಭಾಗ ಇವೆ ಎಂಬ ಲೆಕ್ಕ ಅದು. ಹೊಗೆ ಹಿಡಿಯುವುದು ಕಾಳು ಹಸಿಯಾಗಿರುವಾಗ ಮಾತ್ರ. ಹೊಟ್ಟಿನ ಮೇಲಿನ ತೇವ ಹೊಗೆಯನ್ನು ಹೀರಿಕೊಳ್ಳುತ್ತದೆ, ಕಾಳು ಒಣಗಿದ ಮೇಲೆ ಎಷ್ಟು ಹೊಗೆ ಹಾಕಿದರೂ ಹತ್ತುವುದಿಲ್ಲ. ಹೀಗೆ ಹತ್ತಿದ್ದರಲ್ಲಿ ಒಂದು ಪಾಲು ಬಿಸಿನೀರಿನಲ್ಲಿ ರಸ ತೆಗೆದ ನಂತರ ಉಳಿಯುವ ಚರಟದೊಂದಿಗೆ ಹೊರಹೋಗುತ್ತದೆ. ಇನ್ನೊಂದು ಪಾಲು ಭಟ್ಟಿಯ ತಳದಲ್ಲೇ ಉಳಿಯುತ್ತದೆ. ಆಮೇಲೆ ಓಕ್ ಪೀಪಾಯಿಯಲ್ಲಿ ಕಳೆಯುವ ವರ್ಷಗಳು ಅದನ್ನು ಇನ್ನಷ್ಟು ಮೆತ್ತಗಾಗಿಸುತ್ತವೆ. ಆಕ್ಟೋಮೋರ್ ತಯಾರಿಸುವ ಬ್ರೂಕ್‌ಲ್ಯಾಡಿ ಒಮ್ಮೆ 309.1 ಪಿಪಿಎಂ ಮಾಲ್ಟ್ ಬಳಸಿದ್ದೂ ಇದೆ. ಆದರೆ ಅಲ್ಲಿನ ಭಟ್ಟಿಗಳು ಎತ್ತರವಾಗಿ, ಕತ್ತು ಸಣ್ಣದಾಗಿ ಇವೆ. ಭಾರವಾದ ಆವಿ ಅಷ್ಟು ಎತ್ತರ ಏರಲಾರದೆ ಮರಳಿ ಕೆಳಗಿಳಿಯುತ್ತದೆ. ಲೋಟಕ್ಕೆ ಬರುವ ಹೊಗೆ ಆ ಅಂಕಿಗೆ ತಕ್ಕಷ್ಟು ಹಿಗ್ಗುವುದಿಲ್ಲ.

ಪೀಟ್ ಎಂದರೇನು ಎಂಬುದನ್ನೂ ಹೇಳಿಬಿಡುತ್ತೇನೆ. ನೀರು ಇಂಗದ ಜೌಗಿನಲ್ಲಿ ಪಾಚಿ, ಹುಲ್ಲು, ಹೆದರ್ ಗಿಡಗಳು ಸತ್ತುಬಿದ್ದು, ಗಾಳಿ ಸಿಗದೆ ಪೂರ್ತಿ ಕೊಳೆಯಲಾರದೆ, ಪದರಪದರವಾಗಿ ಅಡಕವಾದದ್ದು ಅದು. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರಿನಷ್ಟು ಮಾತ್ರ ಬೆಳೆಯುತ್ತದೆ. ಗುದ್ದಲಿಯಷ್ಟು ಆಳದಿಂದ ಕೊಯ್ದ ಒಂದು ಹೆಂಟೆಯಲ್ಲಿ ನೂರಾರು ವರ್ಷಗಳ ಹುಲ್ಲು ಇರುತ್ತದೆ. ಮರಗಳು ಹೆಚ್ಚಿಲ್ಲದ, ಸದಾ ಗಾಳಿ ಬಡಿಯುವ, ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿ ಉರುವಲು ಎಂದರೆ ಇದೇ ಆಗಿತ್ತು. (ಆ ದ್ವೀಪದ ಹೆಸರನ್ನು ನಮ್ಮಲ್ಲಿ ಬಹಳ ಮಂದಿ ‘ಇಸ್ಲೇ’ ಎಂದು ಓದುತ್ತಾರೆ. ಅಲ್ಲಿನವರ ಬಾಯಲ್ಲಿ ಅದು ಐಲಾ.) 19ನೆಯ ಶತಮಾನದಲ್ಲಿ ರೈಲು ಬಂದು ಸ್ಕಾಟ್ಲೆಂಡಿನ ಒಳನಾಡಾದ ಸ್ಪೇಸೈಡ್ ಕಡೆಗೆ ಕಲ್ಲಿದ್ದಲು, ಅದರಿಂದ ಮಾಡಿದ ಹೊಗೆ ಕಡಿಮೆಯ ಉರುವಲು ಕೋಕ್ ಸುಲಭವಾಗಿ ಸಿಕ್ಕ ಮೇಲೆ ಅಲ್ಲಿನ ವಿಸ್ಕಿಯಲ್ಲಿ ಹೊಗೆ ತೆಳುವಾಯಿತು. ಐಲಾದಲ್ಲಿ ಅದು ಉಳಿಯಿತು. ಇಷ್ಟು ನಿಧಾನವಾಗಿ ಬೆಳೆಯುವ, ನೆಲದೊಳಗೆ ಇಂಗಾಲವನ್ನು ಹಿಡಿದಿಟ್ಟುಕೊಳ್ಳುವ ವಸ್ತುವನ್ನು ಸುಡುವಾಗ ಹಿಡಿತ ಇರಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಬರೇ ಅಂಕಿಯ ಪೈಪೋಟಿಗಾಗಿ ಹೆಚ್ಚು ಪೀಟ್ ಸುಡುವುದು ನನಗೆ ಒಪ್ಪಿಗೆಯಿಲ್ಲ.

ಹೋಲಿಕೆ ಕಲಿಯಬೇಕಾದವರಿಗೆ ನಾನು ಮೊದಲು ಕೊಡುವುದು ಎರಡೇ ಲೋಟ: ಕಲೀಲಾ 12 ಮತ್ತು ಲಾಗವೂಲಿನ್ 16. (ಹೆಸರಿನ ಮುಂದಿನ ಅಂಕಿ ಪೀಪಾಯಿಯಲ್ಲಿ ಕಳೆದ ವರ್ಷಗಳದ್ದು.) ಎರಡೂ ಐಲಾದವು, ಎರಡಕ್ಕೂ ಒಂದೇ ಕಂಪನಿ ಒಡೆಯ. ಎರಡಕ್ಕೂ ಮಾಲ್ಟ್ ಬಂದದ್ದು ಪೋರ್ಟ್ ಎಲೆನ್ ಊರಿನ ಮಾಲ್ಟಿಂಗ್ ಕೇಂದ್ರದಿಂದ, ಅದೂ ಹೆಚ್ಚುಕಡಿಮೆ ಒಂದೇ ಅಳತೆಯ ಹೊಗೆಯಲ್ಲಿ, 35 ಪಿಪಿಎಂ ಆಸುಪಾಸಿನಲ್ಲಿ. ಬಾಟಲಿಯ ಮದ್ಯಸಾರವೂ ಎರಡರಲ್ಲೂ ಶೇ 43. ಅಂಕಿಯೇ ಎಲ್ಲವೂ ಆಗಿದ್ದರೆ ಇವು ಅಣ್ಣತಮ್ಮಂದಿರಂತೆ ಇರಬೇಕಿತ್ತು.

ಮೂಸಿ ನೋಡಿ. ಕಲೀಲಾದ ಹೊಗೆ ಹಗುರ, ಶುಭ್ರ. ಕಡಲದಂಡೆಯಲ್ಲಿ ದೂರದಲ್ಲಿ ಯಾರೋ ಬೆಂಕಿ ಹಾಕಿದ್ದಾರೆ, ಗಾಳಿ ಈ ಕಡೆಗೆ ಬೀಸುತ್ತಿದೆ, ಪಕ್ಕದಲ್ಲಿ ಯಾರೋ ನಿಂಬೆಹಣ್ಣು ಹೆಚ್ಚುತ್ತಿದ್ದಾರೆ ಎನ್ನುವ ಹಾಗೆ. ನಾಲಗೆಯ ಮೇಲೆ ತೆಳು ಎಣ್ಣೆಯ ಜಿಡ್ಡು. ಲಾಗವೂಲಿನ್‌ನಲ್ಲಿ ಹೊಗೆ ಮನೆಯೊಳಗೇ ಇದೆ. ದಟ್ಟವಾಗಿ, ಸಿಹಿಯಾಗಿ, ಒಣದ್ರಾಕ್ಷಿಯೂ ಕಡು ಚಹಾದ ಒಗರೂ ಬೆರೆತು ಇದೆ. ಮಂಡ್ಯ ಕಡೆಯ ಒಬ್ಬ ಯುವಕ ಇದನ್ನು ಮೂಸಿ ಕಣ್ಣುಮುಚ್ಚಿ ಕುಳಿತಿದ್ದ. ‘ಆಲೆಮನೆ ಸರ್. ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬಂದಿದೆ, ಒಲೆಗೆ ಕಬ್ಬಿನ ಸಿಪ್ಪೆ ತುಂಬುತ್ತಿದ್ದಾರೆ’ ಎಂದ. ಲಾಗವೂಲಿನ್ ಬಗ್ಗೆ ಇಷ್ಟು ಕರಾರುವಾಕ್ಕಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ.

ಒಂದೇ ಮಾಲ್ಟ್ ಹೀಗೆ ಎರಡಾದದ್ದು ಭಟ್ಟಿಯಲ್ಲಿ. ಕಲೀಲಾದ ಭಟ್ಟಿಗಳು ದೊಡ್ಡವು. ಅವುಗಳಲ್ಲಿ ಜಾಗ ಬಿಟ್ಟು ತುಂಬಿಸುತ್ತಾರೆ, ಆವಿಗೆ ತಾಮ್ರದ ಸಂಗ ಹೆಚ್ಚು ಸಿಗುತ್ತದೆ, ಒರಟುತನ ಕಳೆದು ಹಗುರವಾಗುತ್ತದೆ. ಲಾಗವೂಲಿನ್‌ನ ಭಟ್ಟಿಗಳು ಪೇರ್ ಹಣ್ಣಿನ ಆಕಾರದ ಡುಬ್ಬ ಹೊಟ್ಟೆಯವು, ಅವುಗಳ ಕೊಳವೆ ಕಡಿದಾಗಿ ಕೆಳಗಿಳಿಯುತ್ತದೆ. ಎರಡನೆಯ ಸಲದ ಬಟ್ಟಿ ಇಳಿಸುವಿಕೆಯನ್ನು ಒಂಬತ್ತು ಗಂಟೆಗೂ ಹೆಚ್ಚು ಹೊತ್ತು ನಿಧಾನವಾಗಿ ನಡೆಸುತ್ತಾರೆ. ಇನ್ನೊಂದು ವಿಷಯ, ಬಟ್ಟಿ ಇಳಿಸುವಾಗ ಮೊದಲು ಬರುವುದು ಹಣ್ಣಿನ ವಾಸನೆಯ ಹಗುರ ಭಾಗ; ಹೊಗೆಯ ಫೀನಾಲ್‌ಗಳು ಹಿಂದಿನಿಂದ ಬರುತ್ತವೆ. ಯಾವ ಕ್ಷಣದಿಂದ ಯಾವ ಕ್ಷಣದವರೆಗೆ ಹರಿಯುವ ದ್ರವವನ್ನು ಇಟ್ಟುಕೊಳ್ಳಬೇಕು ಎಂಬ ಒಂದು ನಿರ್ಧಾರ ಇಡೀ ಹೊಗೆಯ ಸ್ವಭಾವವನ್ನು ಬದಲಿಸಬಲ್ಲದು. ವಯಸ್ಸಿನ ನಾಲ್ಕು ವರ್ಷದ ಅಂತರವೂ ಲೆಕ್ಕಕ್ಕೆ ಬರುತ್ತದೆ, ನಿಜ. ಆದರೆ ಭಟ್ಟಿಯಿಂದ ಆಗಷ್ಟೇ ಇಳಿದಾಗಲೂ ಇವೆರಡೂ ಬೇರೆಬೇರೆಯೇ.

ಮೂರನೆಯ ಲೋಟ ಲಫ್ರಾಯ್ಗ್ 10. ಇಲ್ಲಿ ಮೊದಲ ಹಗುರ ಭಾಗವನ್ನು ಸುಮಾರು ಮುಕ್ಕಾಲು ಗಂಟೆ ಬದಿಗೆ ಹರಿಯಬಿಡುತ್ತಾರೆ. ಬೇರೆ ಕಡೆ ಇಷ್ಟು ಹೊತ್ತು ಕಾಯುವುದಿಲ್ಲ. ಹಣ್ಣಿನ ಸಿಹಿ ಆ ಹೊತ್ತಿನಲ್ಲಿ ಹೊರಟುಹೋಗುತ್ತದೆ, ಉಳಿದದ್ದರಲ್ಲಿ ಔಷಧಿಯ ಘಾಟು ಎದ್ದು ಕಾಣುತ್ತದೆ. ತಮಗೆ ಬೇಕಾದ ಮಾಲ್ಟ್‌ನಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಅವರು ಈಗಲೂ ನೆಲದ ಮೇಲೆ ಹರಡಿ, ಕೈಯಾರೆ ಮಗುಚಿ, ತಮ್ಮದೇ ಪೀಟ್‌ನಲ್ಲಿ ಒಣಗಿಸುತ್ತಾರೆ. ನಿವೃತ್ತ ನರ್ಸ್ ಒಬ್ಬರು ಒಮ್ಮೆ ಈ ಲೋಟವನ್ನು ಮೂಗಿನ ಹತ್ತಿರ ತಂದು ಥಟ್ಟನೆ ಕೆಳಗಿಟ್ಟರು.

‘ಏನಾಯಿತು ಮೇಡಂ?’

‘ಡ್ರೆಸ್ಸಿಂಗ್ ರೂಮು ಸರ್. ಟಿಂಚರ್ ಹಾಕಿದ ಹತ್ತಿ, ಬ್ಯಾಂಡೇಜು, ಬೆಳಗ್ಗೆ ನೆಲ ಒರೆಸಿದ ಫಿನಾಯಿಲ್. ಮೂವತ್ತು ವರ್ಷ ಇದರಲ್ಲೇ ಕಳೆದಿದ್ದೇನೆ.’

ಅವರು ಹೇಳಿದ್ದು ರಸಾಯನಶಾಸ್ತ್ರದ ಪ್ರಕಾರವೂ ಸರಿ. ಪೀಟ್ ಹೊಗೆಯಲ್ಲಿ ಇರುವುದು ಒಂದೇ ವಸ್ತು ಅಲ್ಲ. ಫೀನಾಲ್ ಮತ್ತು ಕ್ರೆಸಾಲ್‌ಗಳು ಆಸ್ಪತ್ರೆಯನ್ನು, ಕಾರ್ಬಾಲಿಕ್ ಸಾಬೂನನ್ನು, ಡಾಂಬರನ್ನು ನೆನಪಿಸುತ್ತವೆ. ಗ್ವಾಯಕಾಲ್ ಮತ್ತು ಅದರ ಬಳಗ ಸೌದೆ ಒಲೆಯ ಹೊಗೆಯನ್ನು ಕೊಡುತ್ತವೆ. ಲವಂಗದಲ್ಲಿರುವ ಯೂಜಿನಾಲ್ ಕೂಡ ಇದೇ ಬಂಧುಬಳಗಕ್ಕೆ ಸೇರಿದ್ದು. ಪಿಪಿಎಂ ಲೆಕ್ಕ ಇವೆಲ್ಲವನ್ನೂ ಒಟ್ಟು ಸೇರಿಸಿ ಒಂದು ಅಂಕಿ ಮಾಡುತ್ತದೆ. ಮಾರುಕಟ್ಟೆಯಿಂದ ತಂದ ಚೀಲವನ್ನು ತೂಕಕ್ಕಿಟ್ಟು ‘ನಾಲ್ಕು ಕಿಲೋ’ ಎಂದರೆ ಅದರಲ್ಲಿ ಮೆಣಸಿನಕಾಯಿ ಎಷ್ಟು, ಸೌತೆಕಾಯಿ ಎಷ್ಟು ತಿಳಿಯುವುದು ಹೇಗೆ?

ಆದ್ದರಿಂದ ತರಗತಿಯಲ್ಲಿ ನನ್ನ ಮೊದಲ ಪ್ರಶ್ನೆ ‘ಎಷ್ಟು ಹೊಗೆ’ ಅಲ್ಲ, ‘ಯಾವ ಹೊಗೆ’. ಸ್ಕಾಚ್ ಪುಸ್ತಕಗಳು ಹೇಳುವ ಪದಗಳನ್ನು ಪಕ್ಕಕ್ಕಿಡಲು ಹೇಳುತ್ತೇನೆ. ಸಮುದ್ರಪಾಚಿಯನ್ನೇ ನೋಡದವರು ‘ಸಮುದ್ರಪಾಚಿಯ ಪರಿಮಳ’ ಎಂದು ಬರೆದರೆ ಅದು ಅವರ ಮೂಗಿನ ಮಾತಲ್ಲ. ಹೊಗೆಯ ವಿಷಯದಲ್ಲಿ ನಮ್ಮ ನೆನಪಿನ ಭಂಡಾರ ಚಿಕ್ಕದೇನಲ್ಲ. ಬಚ್ಚಲೊಲೆಗೆ ಹಸಿ ಸೌದೆ ಇಟ್ಟಾಗಿನ ಹೊಗೆ ಬೇರೆ, ಬಾಣಂತಿ ಕೋಣೆಯ ಸಾಂಬ್ರಾಣಿ ಬೇರೆ. ಕೆಂಡದ ಮೇಲೆ ಸುಟ್ಟು ಸಿಪ್ಪೆ ಸುಲಿದ ಬದನೆಕಾಯಿಯದ್ದು ಬೇರೆ, ಅಡಿಕೆ ಬೇಯಿಸುವ ಹಂಡೆಯ ಕೆಳಗಿನದ್ದು ಬೇರೆ. ಇವನ್ನು ಬೇರ್ಪಡಿಸಬಲ್ಲ ಮೂಗಿಗೆ ಐಲಾದ ಭಟ್ಟಿಗಳನ್ನು ಬೇರ್ಪಡಿಸುವುದು ಅಸಾಧ್ಯವೇನಲ್ಲ.

ನಾಲ್ಕನೆಯದು ಆರ್ಡ್‌ಬೆಗ್ 10, ಮದ್ಯಸಾರ ಶೇ 46. ಪಿಪಿಎಂ ಅಂಕಿಯಲ್ಲಿ ಇದು ಲಫ್ರಾಯ್ಗ್‌ಗಿಂತ ಮೇಲಿದೆ. ಆದರೂ ಇದರಲ್ಲಿ ಅಚ್ಚರಿಯ ಹಣ್ಣಿನ ತಾಜಾತನವಿದೆ. ಭಟ್ಟಿಯ ಕೊಳವೆಗೆ ಜೋಡಿಸಿದ ಒಂದು ಶುದ್ಧೀಕರಣ ಪಾತ್ರೆ ಭಾರವಾದ ಆವಿಯನ್ನು ತಡೆದು ಭಟ್ಟಿಗೇ ವಾಪಸು ಕಳಿಸುತ್ತದೆ. ಹೀಗಾಗಿ ಮಸಿ, ಡಾಂಬರಿನ ನಡುವೆ ಹಸಿ ನಿಂಬೆಸಿಪ್ಪೆಯ ವಾಸನೆ ಇಣುಕುತ್ತದೆ. ಈ ಎರಡರ ಜಗ್ಗಾಟವೇ ಆರ್ಡ್‌ಬೆಗ್. ನಾಲ್ಕರಲ್ಲಿ ಒಂದನ್ನು ಮನೆಗೆ ಒಯ್ಯಿರಿ ಎಂದರೆ ನಾನು ಲಾಗವೂಲಿನ್ ಒಯ್ಯುತ್ತೇನೆ. ಆದರೆ ಕಲಿಸುವುದಕ್ಕೆ ಆರ್ಡ್‌ಬೆಗ್‌ನಷ್ಟು ಒಳ್ಳೆಯ ಲೋಟ ಇನ್ನೊಂದಿಲ್ಲ.

ಇನ್ನು ವಿಧಾನ. ಪ್ರತಿ ಲೋಟಕ್ಕೆ 15 ಮಿಲಿಲೀಟರ್ ಸಾಕು. ಬುಡ ಅಗಲವಾಗಿ ಬಾಯಿ ಕಿರಿದಾದ ಲೋಟ ಇರಲಿ, ಮೇಲೆ ಒಂದು ಸಣ್ಣ ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಡಿ. ಬಣ್ಣ ನೋಡಿ ವಯಸ್ಸನ್ನು ಊಹಿಸಲು ಹೋಗಬೇಡಿ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಬೆರೆಸಲು ಕಾನೂನಿನ ಅನುಮತಿ ಇದೆ. ಲೋಟದೊಳಗೆ ಮೂಗನ್ನು ತುರುಕಬೇಡಿ. ಬಾಯಿ ಅರೆ ತೆರೆದು, ಗಲ್ಲದ ಮಟ್ಟದಲ್ಲಿ ಹಿಡಿದು, ವಾಸನೆ ತಾನಾಗಿ ಮೇಲೆ ಬರಲು ಬಿಡಿ. ಹಗುರದಿಂದ ದಟ್ಟಕ್ಕೆ ಹೋಗಿ. ಲಫ್ರಾಯ್ಗ್ ಕುಡಿದು ಕಲೀಲಾಗೆ ಮರಳಿದರೆ ಕಲೀಲಾ ನೀರಿನಂತೆ ಅನ್ನಿಸುತ್ತದೆ. ಹೊಗೆಗೆ ಮೂಗು ಬಹಳ ಬೇಗ ಮರಗಟ್ಟುತ್ತದೆ. ನಡುನಡುವೆ ನಿಮ್ಮದೇ ಮುಂಗೈಯನ್ನು ಮೂಸಿ, ಅದು ಮೂಗನ್ನು ಮೊದಲಿನ ಸ್ಥಿತಿಗೆ ತರುತ್ತದೆ. ಪಕ್ಕದಲ್ಲಿ ಪೀಕದಾನಿ ಇರಲೇಬೇಕು. ನಾನು ಕೆಲಸದ ದಿನ ಒಂದು ಗುಟುಕನ್ನೂ ನುಂಗುವುದಿಲ್ಲ, ವಾಹನದಲ್ಲಿ ಬಂದವರಿಗೆ ನುಂಗಲು ಬಿಡುವುದೂ ಇಲ್ಲ.

ನೀರು ಬೆರೆಸಬೇಕೇ ಎಂಬ ಜಗಳ ಹಳೆಯದು. ಹೊಗೆಯ ವಿಸ್ಕಿಗೆ ಬೆರೆಸಬೇಕು ಎಂದೇ ನಾನು ಹೇಳುತ್ತೇನೆ, ಹನಿಹನಿಯಾಗಿ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ನೀರು ಮತ್ತು ಮದ್ಯಸಾರದ ಮಿಶ್ರಣದಲ್ಲಿ ಗ್ವಾಯಕಾಲ್ ಹೇಗೆ ವರ್ತಿಸುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ನೋಡಿದರು. ಮದ್ಯಸಾರ ಶೇ 59ಕ್ಕಿಂತ ಹೆಚ್ಚಿದ್ದಾಗ ಅದು ದ್ರವದ ಒಳಗೆ ಅಡಗಿರುತ್ತದೆ, ಶೇ 45ರವರೆಗಿನ ಮಿಶ್ರಣದಲ್ಲಿ ಮೇಲ್ಮೈಗೆ ಬಂದು ಗಾಳಿಯ ಅಂಚಿನಲ್ಲಿ ನಿಲ್ಲುತ್ತದೆ. ಮೂಗು ಇರುವುದೂ ಅಲ್ಲೇ ತಾನೇ. ಲಾಗವೂಲಿನ್‌ಗೆ ನಾಲ್ಕೈದು ಹನಿ ಬಿಟ್ಟು, ಮುಚ್ಚಿ, ಒಂದು ನಿಮಿಷದ ನಂತರ ತೆರೆಯಿರಿ.

ಐಲಾದಾಚೆಗೂ ಹೊಗೆ ಇದೆ. ಸ್ಕೈ ದ್ವೀಪದ ಟಾಲಿಸ್ಕರ್‌ನಲ್ಲಿ ಅದು ಕರಿಮೆಣಸಿನ ಖಾರದ ಜೊತೆ ಬರುತ್ತದೆ. ಆರ್ಕ್‌ನಿ ದ್ವೀಪಗಳ ಹೈಲ್ಯಾಂಡ್ ಪಾರ್ಕ್‌ನಲ್ಲಿ ಜೇನಿನಂಥ ಸಿಹಿಹೊಗೆ, ಏಕೆಂದರೆ ಮರವಿಲ್ಲದ ಆ ನೆಲದ ಪೀಟ್‌ನಲ್ಲಿ ಹೆದರ್ ಗಿಡದ ಅಂಶ ಹೆಚ್ಚು. ಬೆಂಗಳೂರಿನವರಿಗೆ ಇನ್ನೂ ಹತ್ತಿರದ ಒಂದು ಲೋಟವಿದೆ. ಅಮೃತ್ ಫ್ಯೂಷನ್‌ನಲ್ಲಿ ಮುಕ್ಕಾಲು ಪಾಲು ಭಾರತದ ಬಾರ್ಲಿ, ಕಾಲು ಪಾಲು ಸ್ಕಾಟ್ಲೆಂಡಿನಿಂದ ತಂದ ಪೀಟ್ ಬಾರ್ಲಿ. ಸ್ಕಾಟ್ಲೆಂಡಿನ ತಣ್ಣನೆಯ ಗೋದಾಮಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ 2ರಷ್ಟು ಆವಿಯಾದರೆ ಇಲ್ಲಿ ಶೇ 10 ದಾಟುತ್ತದೆ, ಮರದ ಗುಣವೂ ಅಷ್ಟೇ ವೇಗವಾಗಿ ಇಳಿಯುತ್ತದೆ. ಹೊಗೆಗೆ ಓಕ್‌ನ ಸಿಹಿ ಬೇಗ ಮೈಗೂಡುತ್ತದೆ. ಕಲೀಲಾ ಪಕ್ಕದಲ್ಲಿಟ್ಟು ಮೂಸಿದರೆ ಹವಾಮಾನದ ಅಂತರವೇ ಮೂಗಿಗೆ ಸಿಗುತ್ತದೆ.

ತರಗತಿ ಮುಗಿದ ಮೇಲೆ ಲೋಟಗಳನ್ನು ತೊಳೆಯಲು ನಾನು ಬಿಡುವುದಿಲ್ಲ. ಹೆಸರು ಬರೆದ ಚೀಟಿಯ ಮೇಲೆ ಖಾಲಿ ಲೋಟಗಳು ರಾತ್ರಿಯಿಡೀ ಹಾಗೇ ಇರುತ್ತವೆ. ಮಾರನೆಯ ಬೆಳಗ್ಗೆ ಮದ್ಯಸಾರ ಪೂರ್ತಿ ಆರಿಹೋಗಿರುತ್ತದೆ, ಗಾಜಿಗೆ ಅಂಟಿದ ಹೊಗೆ ಮಾತ್ರ ಉಳಿದಿರುತ್ತದೆ. ಕಲೀಲಾದಲ್ಲಿ ತಣ್ಣಗಾದ ಬೂದಿ. ಲಫ್ರಾಯ್ಗ್‌ನಲ್ಲಿ ಇನ್ನೂ ಅದೇ ವಾರ್ಡು. ಆರ್ಡ್‌ಬೆಗ್‌ನಲ್ಲಿ ನಿಂಬೆ ಹೋಗಿದೆ, ಮಸಿ ಇದೆ. ಲಾಗವೂಲಿನ್ ಲೋಟದ ತಳದಲ್ಲಿ ಬೆಲ್ಲದ ಬಣ್ಣದ ಒಂದು ತೆಳು ಉಂಗುರ, ಅದರಲ್ಲಿ ಉರಿ ಆರಿದ ಒಲೆಯ ವಾಸನೆ. ಮನೆಯಲ್ಲಿ ಕಲಿಯುವವರು ಸಂಜೆ ಬರೆದ ಟಿಪ್ಪಣಿಯ ಕೆಳಗೆ ಎರಡು ಸಾಲು ಜಾಗ ಬಿಟ್ಟು, ಬೆಳಗಿನ ಕಾಫಿಗೆ ಮೊದಲು ಇದನ್ನು ಮೂಸಿ ಬರೆದಿಡಿ.