1633ಕ್ಕೆ ಓಡುವ ಅಂಕಿ: ವಿಡಿಯೊ ಕೌಂಟರ್ ನಡೆದು ಬಂದ ದಾರಿ

ಮಲೆನಾಡಿನಲ್ಲಿ ಮಳೆ ಹಿಡಿದಿದೆ ಎಂಬ ಸುದ್ದಿ ಬಂದ ಕೆಲವೇ ದಿನಗಳಲ್ಲಿ ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಮೊಬೈಲುಗಳಲ್ಲಿ ಒಂದೇ ಬಗೆಯ ವಿಡಿಯೊಗಳು ಹರಿದಾಡತೊಡಗುತ್ತವೆ. ಹಿಂದೆ ತುಂಗಭದ್ರಾ ಜಲಾಶಯದ ಚಿತ್ರ, ಮುಂದೆ ದಪ್ಪನೆಯ ಒಂದು ಅಂಕಿ. ಆ ಅಂಕಿ ಸೊನ್ನೆಯಿಂದ ಹೊರಟು ಸರಸರನೆ ಏರಿ 1633ರ ಆಸುಪಾಸಿನಲ್ಲಿ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಎಡದಂಡೆ ಕಾಲುವೆಯ ನೀರನ್ನು ನಂಬಿ ಗಂಗಾವತಿ, ಸಿಂಧನೂರು, ಮಾನ್ವಿಯ ಕಡೆ ಭತ್ತ ನಾಟಿ ಮಾಡುವವರಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಏಕೆಂದರೆ ಜಲಾಶಯದ ಪೂರ್ಣ ಮಟ್ಟ 1633 ಅಡಿ ಎಂಬುದು ಇಲ್ಲಿ ಮಕ್ಕಳ ಬಾಯಲ್ಲೂ ಇದೆ. ಎಡಿಟಿಂಗ್ ಮಾಡುವವರು ಇದನ್ನು ಕೌಂಟರ್ ಎನ್ನುತ್ತಾರೆ. ಮಾಡಿಸಿಕೊಳ್ಳಲು ಬರುವವರು ಮಾತ್ರ ‘ನಂಬರ್ ಓಡಿಸಿ ಕೊಡ್ರಿ’ ಎಂದೇ ಕೇಳುತ್ತಾರೆ, ಮತ್ತು ಎರಡರಲ್ಲಿ ಹೆಚ್ಚು ಪ್ರಾಮಾಣಿಕವಾದ ಹೆಸರು ಅದೇ ಎಂದು ನನಗನ್ನಿಸುತ್ತದೆ. ಪರದೆಯ ಮೇಲೆ ಅಂಕಿ ಓಡುತ್ತದೆಯೇ ಹೊರತು ಅಲ್ಲಿ ಏನನ್ನೂ ಯಾರೂ ಎಣಿಸುತ್ತಿರುವುದಿಲ್ಲ. ಎಣಿಸುವ ಅಂಕಿ ಬರೀ ಓಡುವ ಅಂಕಿಯಾಗಿ ಬದಲಾದದ್ದು ಯಾವಾಗ, ಹೇಗೆ ಎಂಬುದರಲ್ಲೇ ಈ ತಂತ್ರದ ಚರಿತ್ರೆ ಅಡಗಿದೆ.

ಕಂಪ್ಯೂಟರು ಬರುವುದಕ್ಕೆ ಬಹಳ ಮೊದಲೇ ಓಡುವ ಅಂಕಿಯನ್ನು ನಮ್ಮ ಜನ ಪೆಟ್ರೋಲ್ ಬಂಕಿನಲ್ಲಿ, ಮನೆಯ ಕರೆಂಟ್ ಮೀಟರಿನಲ್ಲಿ, ಲಾರಿಯ ಕಿಲೋಮೀಟರ್ ಮೀಟರಿನಲ್ಲಿ ಕಂಡಿದ್ದರು. ಅಂಚಿನ ಮೇಲೆ ಸೊನ್ನೆಯಿಂದ ಒಂಬತ್ತರವರೆಗೆ ಬರೆದ ಪುಟ್ಟ ಗಾಲಿಗಳು ಒಂದರ ಪಕ್ಕ ಒಂದು ಕೂತಿರುತ್ತವೆ. ಬಲಗಡೆಯ ಗಾಲಿ ಒಂದು ಸುತ್ತು ಮುಗಿಸಿದಾಗ ಅದರ ಎಡಕ್ಕಿರುವ ಗಾಲಿ ಒಂದು ಹಲ್ಲು ಮುಂದೆ ಸರಿಯುತ್ತದೆ. ಬಳ್ಳಾರಿಯಿಂದ ಅದಿರು ಹೇರಿಕೊಂಡು ಹೊರಟ ಲಾರಿಯ ಮೀಟರಿನಲ್ಲಿ ಒಂದು ಅಂಕಿ ಹೊರಳಿತೆಂದರೆ ಚಕ್ರ ಅಷ್ಟು ದೂರ ಉರುಳಿದೆ ಎಂದೇ ಅರ್ಥ. ನಡುವಿನ ಒಂದು ಅಂಕಿಯನ್ನೂ ಬಿಟ್ಟು ಮುಂದಕ್ಕೆ ಹಾರಲು ಆ ಯಂತ್ರಕ್ಕೆ ಬರುತ್ತಿರಲಿಲ್ಲ.

ಸಿನಿಮಾ ರೀಲಿನ ಮೊದಲಿಗೆ ಅಂಟಿಸುತ್ತಿದ್ದ ಲೀಡರ್ ಪಟ್ಟಿಯ ಅಂಕಿಗಳಿಗೂ ಇದೇ ನಿಯಮವಿತ್ತು. 1930ರಲ್ಲಿ ಹಾಲಿವುಡ್‌ನ ಆಸ್ಕರ್ ಕೊಡುವ ಅಕಾಡೆಮಿ ಗೊತ್ತುಪಡಿಸಿದ ಲೀಡರಿನಲ್ಲಿ ಅಂಕಿಗಳು ಇಳಿಯುತ್ತಿದ್ದುದು ಸೆಕೆಂಡಿನ ಲೆಕ್ಕದಲ್ಲಲ್ಲ, ಅಡಿಯ ಲೆಕ್ಕದಲ್ಲಿ. 35 ಮಿಲಿಮೀಟರ್ ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕಟ್ಟುಗಳು, ಅಂದರೆ ಬಿಡಿ ಚಿತ್ರಗಳು, ಇರುತ್ತವೆ, ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಹೀಗಾಗಿ ಒಂದೊಂದು ಅಂಕಿ ಬದಲಾಗಲು ಸೆಕೆಂಡಿನ ಮೂರನೇ ಎರಡು ಭಾಗ ಹಿಡಿಯುತ್ತಿತ್ತು. 1960ರ ದಶಕದಲ್ಲಿ, ಟೆಲಿವಿಷನ್ನಿನ ಅಗತ್ಯವನ್ನೂ ಗಮನದಲ್ಲಿಟ್ಟು ಬಂದ ಇನ್ನೊಂದು ಲೀಡರು ಎಂಟರಿಂದ ಎರಡರವರೆಗೆ ಸೆಕೆಂಡುಗಳನ್ನೇ ಎಣಿಸಿತು. ಒಂದು ಪ್ರೊಜೆಕ್ಟರಿನ ರೀಲು ಮುಗಿಯುವ ಹೊತ್ತಿಗೆ ಇನ್ನೊಂದನ್ನು ಸರಿಯಾಗಿ ಚಾಲೂ ಮಾಡಲು ಆಪರೇಟರಿಗೆ ನೆರವಾಗಲೆಂದೇ ಇದ್ದ ಅಂಕಿಗಳಿವು; ಟಾಕೀಸಿನ ಪ್ರೇಕ್ಷಕರ ಕಣ್ಣಿಗೆ ಬಿದ್ದವೆಂದರೆ ಕ್ಯಾಬಿನ್ನಿನಲ್ಲಿ ಯಾರೋ ಮೈಮರೆತಿದ್ದಾರೆ ಎಂದರ್ಥ. ವಿಡಿಯೊ ಟೇಪಿಗಾಗಿ ಆಮೇಲೆ ರೂಪುಗೊಂಡ ಟೈಮ್‌ಕೋಡ್, ಅಂದರೆ ಗಂಟೆ, ನಿಮಿಷ, ಸೆಕೆಂಡು, ಚೌಕಟ್ಟು ಎಂಬ ನಾಲ್ಕು ಜೋಡಿ ಅಂಕಿಗಳ ಸಾಲು, ಈ ಎಣಿಕೆಯನ್ನು ಇನ್ನಷ್ಟು ಬಿಗಿ ಮಾಡಿತು: ನಮ್ಮಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳಾದ್ದರಿಂದ ಕೊನೆಯ ಜೋಡಿ 24ಕ್ಕೆ ಬಂದು ಮತ್ತೆ ಸೊನ್ನೆಯಾಗುತ್ತದೆ.

ಈ ಭಾಗದಲ್ಲಿ ಮದುವೆ ವಿಡಿಯೊ ಎಡಿಟಿಂಗ್ ಕಂಪ್ಯೂಟರಿಗೆ ಬಂದ ಮೇಲೂ ಕೆಲಕಾಲ ಅಂಕಿ ಓಡಿಸುವುದೆಂದರೆ ಕೂಲಿ ಕೆಲಸವೇ ಆಗಿತ್ತು. ಎಡಿಯಸ್‌ನಂಥ ತಂತ್ರಾಂಶದಲ್ಲಿ ಒಂದೊಂದು ಅಂಕಿಗೂ ಒಂದೊಂದು ಟೈಟಲ್, ಅಂದರೆ ಪರದೆಯ ಮೇಲೆ ಮೂಡುವ ಬರಹ, ಮಾಡಿ, ಎಲ್ಲವನ್ನೂ ನಾಲ್ಕೈದು ಚೌಕಟ್ಟಿನಷ್ಟು ಗಿಡ್ಡಗೆ ಕತ್ತರಿಸಿ, ಟೈಮ್‌ಲೈನಿನ ಮೇಲೆ ಮಣಿ ಪೋಣಿಸಿದಂತೆ ಜೋಡಿಸಬೇಕಿತ್ತು. ಒಂದರಿಂದ ಇಪ್ಪತ್ತೈದರವರೆಗೆ, ಅಂದರೆ ಬೆಳ್ಳಿಹಬ್ಬದ ದಂಪತಿಯ ವಿಡಿಯೊಗೆ, ಇದು ಆಗುವ ಮಾತು. ಚುನಾವಣೆಯ ಮತ ತೋರಿಸಬೇಕೆಂದರೆ ಆಗದು. 1999ರ ಬಳ್ಳಾರಿ ಲೋಕಸಭಾ ಚುನಾವಣೆಯಲ್ಲಿ ಸೋನಿಯಾ ಗಾಂಧಿಯವರು ಸುಷ್ಮಾ ಸ್ವರಾಜ್ ಅವರನ್ನು ಸೋಲಿಸಿದ ಅಂತರ 56 ಸಾವಿರದಷ್ಟಿತ್ತು. 56 ಸಾವಿರ ಟೈಟಲ್‌ಗಳನ್ನು ಯಾರು ಪೋಣಿಸುತ್ತಾರೆ?

ಪೋಣಿಸುವ ಕೆಲಸವನ್ನು ತಪ್ಪಿಸಿದ ತಂತ್ರಾಂಶ ಅಷ್ಟರಲ್ಲಾಗಲೇ ಬೇರೆಡೆ ಬಳಕೆಯಲ್ಲಿತ್ತು. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದ ಒಂದು ಸಣ್ಣ ಕಂಪನಿ 1993ರಲ್ಲಿ ಆಫ್ಟರ್ ಎಫೆಕ್ಟ್ಸ್ ಅನ್ನು ಹೊರತಂದಿತು. ಅದೇ ವರ್ಷ ಅದು ಆಲ್ಡಸ್ ಕಂಪನಿಯ ಪಾಲಾಯಿತು, 1994ರಲ್ಲಿ ಆಲ್ಡಸ್ಸೇ ಅಡೋಬಿಯೊಳಗೆ ಸೇರಿಹೋಯಿತು. ಅದರಲ್ಲಿ ನಂಬರ್ಸ್ ಎಂಬ ಒಂದು ಎಫೆಕ್ಟ್ ಇದೆ. ಇಷ್ಟು ಹೊತ್ತಿಗೆ ಇಷ್ಟು, ಅಷ್ಟು ಹೊತ್ತಿಗೆ ಅಷ್ಟು ಎಂದು ಎರಡು ಕೀಫ್ರೇಮ್ ಹಾಕಿದರೆ ನಡುವಿನ ಅಂಕಿಗಳನ್ನು ಅದೇ ತುಂಬಿಕೊಳ್ಳುತ್ತದೆ. ಇಲ್ಲಿ ಎಣಿಕೆಯ ನಂಟು ಕಡಿದುಹೋಯಿತು. ಗಾಲಿಗೆ ಹಲ್ಲುಗಳ ಹಂಗಿತ್ತು, ಲೀಡರಿಗೆ ಫಿಲ್ಮಿನ ಅಡಿಯ ಹಂಗಿತ್ತು. ಕೀಫ್ರೇಮಿಗೆ ಎರಡು ತುದಿಗಳ ಹೊರತು ಬೇರೆ ಯಾವ ಹಂಗೂ ಇಲ್ಲ. ಸೊನ್ನೆಯಿಂದ 1633ಕ್ಕೆ ನಾಲ್ಕು ಸೆಕೆಂಡಿನಲ್ಲಿ ಹೋಗಬೇಕೆಂದರೆ ಇರುವುದು ನೂರು ಚೌಕಟ್ಟು. ಒಂದೇ ವೇಗದಲ್ಲಿ ಓಡಿಸಿದರೆ ಪರದೆಯ ಮೇಲೆ ಮೂಡುವುದು 16, 33, 49, 65, 82, 98 ಎಂಬಂಥ ನೆಗೆತಗಳು ಮಾತ್ರ. ಸಾವಿರದೈನೂರಕ್ಕೂ ಹೆಚ್ಚು ಅಂಕಿಗಳು ಮುಖವನ್ನೇ ತೋರಿಸುವುದಿಲ್ಲ, ಆದರೂ ನೋಡುವವರಿಗೆ ಎಲ್ಲವೂ ದಾಟಿಹೋದವು ಎಂಬ ಭ್ರಮೆ ಹುಟ್ಟುತ್ತದೆ. ಮೊದಲು ಜೋರಾಗಿ ಓಡಿಸಿ ಕೊನೆಗೆ ನಿಧಾನ ಮಾಡುವ ರೂಢಿ ಬಂದದ್ದೂ ಈ ಭ್ರಮೆಯನ್ನು ಗಟ್ಟಿ ಮಾಡಲೆಂದೇ. ಕೊನೆಯ ಹತ್ತಿಪ್ಪತ್ತು ಅಂಕಿಗಳು ಕಣ್ಣಿಗೆ ನಿಂತರೆ ಹಿಂದಿನವೂ ಹಾಗೆಯೇ ಬಂದಿರಬೇಕೆಂದು ಮನಸ್ಸು ನಂಬಿಬಿಡುತ್ತದೆ.

ನಂಬರ್ಸ್ ಎಫೆಕ್ಟಿನ ಮಿತಿ 30 ಸಾವಿರ. ಅದಕ್ಕಿಂತ ಮೇಲೆ ಹೋಗುವ ದಾರಿ ಎರಡು ಹಂತಗಳಲ್ಲಿ ತೆರೆಯಿತು. 2001ರ ಐದನೇ ಆವೃತ್ತಿಯಲ್ಲಿ ಎಕ್ಸ್‌ಪ್ರೆಶನ್ ಎಂಬ ಸೂತ್ರ ಬರೆಯುವ ಸೌಲಭ್ಯ ಬಂತು, 2003ರ ಆರನೇ ಆವೃತ್ತಿಯಲ್ಲಿ ಅಕ್ಷರಗಳಿಗೆ ತಮ್ಮದೇ ಲೇಯರ್, ಅಂದರೆ ಚಿತ್ರದ ಮೇಲೆ ಹೊದಿಸುವ ಪದರ, ಸಿಕ್ಕಿತು. ಎರಡನ್ನೂ ಕೂಡಿಸಿದಾಗ ಇಂದಿಗೂ ಎಲ್ಲರೂ ಬಳಸುವ ವಿಧಾನ ಹುಟ್ಟಿತು. ಖಾಲಿ ಲೇಯರಿಗೆ ಸ್ಲೈಡರ್ ಕಂಟ್ರೋಲ್ (ಒಂದು ಬೆಲೆಯನ್ನು ಏರಿಸಿ ಇಳಿಸುವ ಸಾಧನ) ಹಚ್ಚುವುದು, ಕೀಫ್ರೇಮ್‌ಗಳನ್ನು ಅದರ ಮೇಲೆ ಹಾಕುವುದು, ಅಕ್ಷರದ ಲೇಯರಿನ ಸೋರ್ಸ್ ಟೆಕ್ಸ್ಟ್ ಎಂಬಲ್ಲಿ ‘ಸ್ಲೈಡರಿನ ಬೆಲೆಯನ್ನು ಪೂರ್ಣಾಂಕ ಮಾಡಿ ಇಲ್ಲಿ ಬರೆ’ ಎಂಬರ್ಥದ ಒಂದು ಸಾಲಿನ ಸೂತ್ರ ಕೊಡುವುದು. ಪೂರ್ಣಾಂಕ ಮಾಡೆಂದು ಹೇಳುವುದನ್ನು ಮರೆತರೆ ದಶಮಾಂಶದ ಬಾಲ ಪರದೆ ತುಂಬ ಹರಿದಾಡುತ್ತದೆ; ಹೊಸಬರೆಲ್ಲ ಒಮ್ಮೆ ಎಡವುವ ಕಲ್ಲು ಇದು.

ನಮ್ಮ ಕಡೆಯ ನಿಜವಾದ ತಾಪತ್ರಯ ಇಲ್ಲಿಂದ ಶುರುವಾಗುತ್ತದೆ. ಸ್ಲೈಡರಿಗೂ ಒಂದು ಮಿತಿ ಇದೆ, ಅದು 10 ಲಕ್ಷ. ಮಿಲಿಯನ್ನಿನಲ್ಲಿ ಯೋಚಿಸುವವರಿಗೆ ಅದು ಸಹಜವಾದ ಗಡಿಯಾಗಿ ಕಂಡಿರಬಹುದು. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಮಹಾದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ಲಕ್ಷಗಟ್ಟಲೆ ಜೋಳದ ರೊಟ್ಟಿ ಬರುತ್ತದೆ. ರೊಟ್ಟಿಯ ಲೆಕ್ಕ 10 ಲಕ್ಷ ದಾಟಿದರೆ ಸ್ಲೈಡರು ಕೈ ಎತ್ತುತ್ತದೆ. ದುಡ್ಡಿನ ಲೆಕ್ಕದಲ್ಲಂತೂ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತರು 2011ರಲ್ಲಿ ಕೊಟ್ಟ ವರದಿ ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತ್ತು. ಪೂರ್ತಿ ಬರೆದರೆ 1,60,85,00,00,000, ಅಂದರೆ ಹನ್ನೆರಡು ಅಂಕಿ. ಇದಕ್ಕೆ ಎಡಿಟರುಗಳು ಕಂಡುಕೊಂಡ ಉಪಾಯ ಸರಳವಾದದ್ದು: ಸ್ಲೈಡರನ್ನು ಸೊನ್ನೆಯಿಂದ ನೂರರವರೆಗೆ ಶೇಕಡಾವಾರಿನಂತೆ ಓಡಿಸಿ, ಅಂತಿಮ ಮೊತ್ತದೊಡನೆ ಸೂತ್ರದಲ್ಲೇ ಗುಣಿಸಿಕೊಳ್ಳುವುದು.

ಮಿತಿ ದಾಟಿದ ಮೇಲೆ ಅಲ್ಪವಿರಾಮದ ಪ್ರಶ್ನೆ ಏಳುತ್ತದೆ. ಸಿದ್ಧವಾಗಿ ಸಿಗುವ ಸೂತ್ರಗಳಲ್ಲಿ ಹೆಚ್ಚಿನವು ಮೂರು ಮೂರು ಅಂಕಿಗೊಂದು ಅಲ್ಪವಿರಾಮ ಹಾಕುತ್ತವೆ. ಗಣಿ ನಷ್ಟದ ಮೊತ್ತ ಅವುಗಳಲ್ಲಿ 160,850,000,000 ಎಂದು ಮೂಡುತ್ತದೆ. ಬಳ್ಳಾರಿಯ ಸಂತೆಯಲ್ಲಿ ನಿಂತು ಇದನ್ನು ಓದಿ ಎಷ್ಟು ಕೋಟಿ ಎಂದು ಥಟ್ಟನೆ ಹೇಳಬಲ್ಲವರು ಅಪರೂಪ. ಬಲಗಡೆಯಿಂದ ಮೊದಲು ಮೂರು ಅಂಕಿ ಬಿಟ್ಟು, ಆಮೇಲೆ ಎರಡೆರಡಕ್ಕೆ ಗುರುತು ಹಾಕಬೇಕೆಂದು ಸೂತ್ರಕ್ಕೆ ಬೇರೆಯಾಗಿ ಕಲಿಸಬೇಕಾಗುತ್ತದೆ. ಕಲಿಸಿದ ಮೇಲೂ ಒಂದು ತೊಡಕು ಉಳಿಯುತ್ತದೆ: ಅಂಕಿ ಸಾವಿರವನ್ನೋ ಲಕ್ಷವನ್ನೋ ದಾಟಿದ ಕ್ಷಣ ಹೊಸ ಅಲ್ಪವಿರಾಮ ನುಗ್ಗಿ ಇಡೀ ಸಾಲು ಪಕ್ಕಕ್ಕೆ ಜಿಗಿಯುತ್ತದೆ. ಸಾಲನ್ನು ನಡುವಿಗೆ ಹೊಂದಿಸದೆ ಬಲ ಅಂಚಿಗೆ ಹೊಂದಿಸಿದರೆ ಈ ಜಿಗಿತ ಅಷ್ಟಾಗಿ ಕಾಣುವುದಿಲ್ಲ.

ಕನ್ನಡ ಅಂಕಿಗಳ ಕಥೆ ಇದಕ್ಕಿಂತ ಸ್ವಾರಸ್ಯವಾದದ್ದು, ಏಕೆಂದರೆ ಇಲ್ಲಿ ಹಳೆಯ ವ್ಯವಸ್ಥೆಯೇ ಕೆಲಸವನ್ನು ಹಗುರ ಮಾಡಿಕೊಟ್ಟಿತ್ತು. ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳು ಜೋಡಿಯಾಗಿ ಬರುತ್ತಿದ್ದವು. ಹೆಸರಿನ ಕೊನೆಗೆ ಇಂಗ್ಲಿಷಿನ ‘ಇ’ ಅಕ್ಷರವಿದ್ದರೆ ಅಂಕಿಗಳು ಇಂಗ್ಲಿಷಿನವು, ‘ಕೆ’ ಅಕ್ಷರವಿದ್ದರೆ ಕನ್ನಡದವು. ಕಂಪ್ಯೂಟರಿನ ಮಟ್ಟಿಗೆ ಎರಡೂ ಒಂದೇ ಸಂಕೇತ, ಬದಲಾಗುವುದು ಕಣ್ಣಿಗೆ ಕಾಣುವ ಆಕಾರ ಮಾತ್ರ. ಆದ್ದರಿಂದ ಕೌಂಟರು ಎಂದಿನಂತೆ ಓಡುತ್ತಿತ್ತು. ಫಾಂಟ್ ಬದಲಿಸಿದರೆ ಸಾಕು, ೦ಯಿಂದ ೯ರವರೆಗಿನ ಅಂಕಿಗಳು ತಾವಾಗಿ ಬರುತ್ತಿದ್ದವು. ಎಲ್ಲ ಲಿಪಿಗಳ ಒಂದೊಂದು ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಬಂದು ಬರವಣಿಗೆ, ಹುಡುಕಾಟ, ಮುದ್ರಣ ಎಲ್ಲಕ್ಕೂ ಒಳ್ಳೆಯದಾಯಿತು, ಕೌಂಟರಿಗೆ ಮಾತ್ರ ಒಂದು ಹೆಜ್ಜೆ ಹೆಚ್ಚಾಯಿತು. ಅಲ್ಲಿ ಇಂಗ್ಲಿಷ್ ಸೊನ್ನೆಯ ಸ್ಥಾನ 48, ಕನ್ನಡ ಸೊನ್ನೆಯ ಸ್ಥಾನ 3302. ಲೆಕ್ಕ ಮಾಡಿ ಬಂದ ಒಂದೊಂದು ಅಂಕಿಯ ಸಂಕೇತಕ್ಕೂ 3254 ಕೂಡಿಸಿದರೆ ಮಾತ್ರ ಕನ್ನಡದ ಅಂಕಿ ಮೂಡುತ್ತದೆ. ಇದಿಷ್ಟನ್ನು ಸೂತ್ರದಲ್ಲಿ ಬರೆದುಕೊಂಡರೆ ಮುಗಿಯಿತು, ಕಷ್ಟವೇನಲ್ಲ. ಆದರೆ ಇಂಥದ್ದೊಂದು ಕೂಡಿಕೆ ಬೇಕೆಂಬುದೇ ಗೊತ್ತಿಲ್ಲದೆ ‘ಈ ಸಾಫ್ಟ್‌ವೇರಿನಲ್ಲಿ ಕನ್ನಡ ಅಂಕಿ ಬರೋದಿಲ್ಲ’ ಎಂದು ಕೈಬಿಟ್ಟವರನ್ನು ನಾನು ಕಂಡಿದ್ದೇನೆ. ಇಷ್ಟಾದ ಮೇಲೂ, ಅಂಕಿಗಳ ಅಗಲ ಒಂದೇ ಸಮನಾಗಿಲ್ಲದ ಫಾಂಟ್ ಆರಿಸಿಕೊಂಡರೆ ಓಡುವಾಗ ಸಾಲು ಚಳಿ ಹತ್ತಿದವರಂತೆ ನಡುಗುತ್ತದೆ. ಒಂದೊಂದು ಸ್ಥಾನಕ್ಕೂ ಬೇರೆ ಬೇರೆ ಲೇಯರ್ ಮಾಡುವುದೊಂದೇ ಅದಕ್ಕೆ ಪಕ್ಕಾ ಮದ್ದು. ಹಾಗೆ ಮಾಡಿದಾಗ ಕೌಂಟರಿನ ಒಳಗಟ್ಟು ಮತ್ತೆ ಲಾರಿ ಮೀಟರಿನ ಗಾಲಿಗಳಂತೆಯೇ ಆಗುತ್ತದೆ ಎಂಬುದು ಬೇರೆ ಮಾತು.

ಮುಂದಿನ ಬೆಳವಣಿಗೆಗಳು ಹೆಚ್ಚಾಗಿ ಇದೇ ವಿಧಾನವನ್ನು ಸುಲಭ ಮಾಡಿದವು. 2017ರಲ್ಲಿ ಅಡೋಬಿಯದೇ ಎಡಿಟಿಂಗ್ ತಂತ್ರಾಂಶವಾದ ಪ್ರೀಮಿಯರ್ ಪ್ರೊ ಒಳಗೆ ಎಸೆನ್ಷಿಯಲ್ ಗ್ರಾಫಿಕ್ಸ್ ಎಂಬ ಫಲಕ ಬಂತು. ಆಫ್ಟರ್ ಎಫೆಕ್ಟ್ಸ್ ಬಲ್ಲ ಒಬ್ಬರು ಕೌಂಟರ್ ಕಟ್ಟಿ ಕೊಟ್ಟರೆ ಬಾರದವರು ಅಲ್ಲಿ ಅಂಕಿ ತುಂಬಿಕೊಂಡರಾಯಿತು. ಬ್ಲ್ಯಾಕ್‌ಮ್ಯಾಜಿಕ್ ಕಂಪನಿ 2014ರಲ್ಲಿ ಕೊಂಡಿದ್ದ ಫ್ಯೂಷನ್ ತಂತ್ರಾಂಶವನ್ನು 2018ರಲ್ಲಿ ತನ್ನ ಎಡಿಟಿಂಗ್ ತಂತ್ರಾಂಶವಾದ ಡಾವಿಂಚಿ ರಿಸಾಲ್ವ್‌ನೊಳಗೆ ಸೇರಿಸಿತು. ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೂ ಅದು ಸಿಗುವುದರಿಂದ ಅಡೋಬಿಗೆ ತಿಂಗಳ ಬಾಡಿಗೆ ಕಟ್ಟಲಾಗದ ಸಣ್ಣ ಊರಿನ ಸ್ಟುಡಿಯೊಗಳಿಗೂ ಸೂತ್ರ ಬರೆದು ಅಂಕಿ ಓಡಿಸುವ ಅನುಕೂಲ ಸಿಕ್ಕಿತು. ಮೊಬೈಲಿನಲ್ಲೇ ಎಲ್ಲ ಮುಗಿಸುವ ಹುಡುಗರು ಈ ಯಾವ ಗೊಡವೆಗೂ ಹೋಗುವುದಿಲ್ಲ. ಹಸಿರು ಹಿನ್ನೆಲೆಯ ಮೇಲೆ ಓಡುವ ಸಿದ್ಧ ಕೌಂಟರ್ ವಿಡಿಯೊವನ್ನು ಇಳಿಸಿಕೊಂಡು ಕೈನ್‌ಮಾಸ್ಟರಿನಲ್ಲಿ ಹಸಿರನ್ನು ತೆಗೆದು ತಮ್ಮ ಚಿತ್ರದ ಮೇಲೆ ಕೂರಿಸುತ್ತಾರೆ. ಅಂಥ ವಿಡಿಯೊಗಳು ನೂರಕ್ಕೋ ಸಾವಿರಕ್ಕೋ ಮಿಲಿಯನ್ನಿಗೋ ನಿಲ್ಲುತ್ತವೆಯೇ ಹೊರತು 1631ಕ್ಕೆ ನಿಲ್ಲುವುದಿಲ್ಲ.

ಡ್ಯಾಮಿನ ಅಂಕಿಗೆ ಮರಳುವುದಾದರೆ, ಸೊನ್ನೆಯಿಂದ ಹೊರಡುವ ಆ ಓಟಕ್ಕೆ ಅರ್ಥವೇ ಇಲ್ಲ. 1633 ಅಡಿ ಎಂಬುದು ಸಮುದ್ರ ಮಟ್ಟದಿಂದ ಅಳೆದ ಎತ್ತರ, ನೀರಿನ ಆಳವಲ್ಲ. ಅಣೆಕಟ್ಟಿನ ಎತ್ತರವೇ 50 ಮೀಟರಿನ ಸುಮಾರಿಗಿದೆ. ಅಲ್ಲಿ ನೀರು 400 ಅಡಿಯಲ್ಲೋ 900 ಅಡಿಯಲ್ಲೋ ಎಂದೂ ನಿಂತಿರಲಿಲ್ಲ, ನಿಲ್ಲುವುದೂ ಸಾಧ್ಯವಿಲ್ಲ. ಓಡಿಸಲೇಬೇಕಾದರೆ ಟಿಎಂಸಿ ಲೆಕ್ಕವನ್ನು ಓಡಿಸುವುದು ಮೇಲು, ಅದಕ್ಕಾದರೆ ಸೊನ್ನೆಗೂ ಒಂದು ಅರ್ಥವಿದೆ. ಆದರೆ ಅದರ ಕೊನೆಯ ತುದಿಯೂ ಸ್ಥಿರವಲ್ಲ: ಕಟ್ಟಿದಾಗ 133 ಟಿಎಂಸಿಯಷ್ಟಿದ್ದ ಸಾಮರ್ಥ್ಯ ಹೂಳು ತುಂಬಿ ಈಗ 105.788ಕ್ಕೆ ಇಳಿದಿದೆ. ಹಳೆಯ ಟೆಂಪ್ಲೇಟಿನಲ್ಲಿ 133 ಎಂದೇ ಉಳಿದಿದ್ದರೆ ತುಂಬಿದ ಡ್ಯಾಮು ವಿಡಿಯೊದಲ್ಲಿ ಶೇಕಡಾ 80ರಷ್ಟು ಮಾತ್ರ ತುಂಬಿದಂತೆ ಕಾಣುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ, ದುರಸ್ತಿಗಾಗಿ ನೀರನ್ನು ನದಿಗೆ ಬಿಡಬೇಕಾಗಿ ಬಂದಾಗ ಏರುವ ಅಂಕಿಯ ಟೆಂಪ್ಲೇಟುಗಳೆಲ್ಲ ಕೆಲಸಕ್ಕೆ ಬಾರದೆ ಹೋದವು. ಆ ವಾರ ಜನ ತಿಳಿಯಬಯಸಿದ್ದು ಮಟ್ಟ ಎಷ್ಟು ಇಳಿಯಿತು ಎಂಬುದನ್ನು.

ನನ್ನ ಮಟ್ಟಿಗೆ ನಿನ್ನೆಯ ಮಟ್ಟದಿಂದ ಇವತ್ತಿನ ಮಟ್ಟಕ್ಕೆ ಅಂಕಿ ಓಡಿಸುವುದೇ ಸರಿ. ಒಳಹರಿವು ಕಡಿಮೆ ಇರುವ ದಿನ ಅದು ಅರ್ಧ ಅಡಿಯೂ ಇರುವುದಿಲ್ಲವಾದ್ದರಿಂದ ದಶಮಾಂಶದ ಎರಡು ಸ್ಥಾನಗಳಷ್ಟೇ ನಿಧಾನವಾಗಿ ಹೊರಳುತ್ತವೆ, ಮುಂದಿನ ನಾಲ್ಕು ಅಂಕಿಗಳು ಅಲುಗಾಡುವುದಿಲ್ಲ. ಹಾಗೊಮ್ಮೆ ಮಾಡಿಕೊಟ್ಟಾಗ ವಿಡಿಯೊ ಮಾಡಿಸಿದವರು ಎರಡು ಸಲ ಹಿಂದಕ್ಕೆ ಹಾಕಿ ನೋಡಿ, ‘ಇದು ಓಡಲೇ ಇಲ್ಲಲ್ರೀ’ ಎಂದರು. ಸೊನ್ನೆಯಿಂದಲೇ ಮತ್ತೆ ರೆಂಡರ್ ಮಾಡಿ ಕೊಡಬೇಕಾಯಿತು.